ಮಗ್ಗದ ಮನೆಯ ಕಿವಿ

ಮೂವತ್ತು ವರ್ಷ ಮಗ್ಗದ ಮನೆಯಲ್ಲಿ ಬಾಳಿದ ಚೌಡಮ್ಮನಿಗೆ ಸದ್ದಿದ್ದರೆ ಕಣ್ತುಂಬ ನಿದ್ದೆ, ಸದ್ದು ನಿಂತರೆ ಎದೆ ಧಸಕ್ಕೆನ್ನುತ್ತದೆ. ಮಗ್ಗ ನಿಂತಿತೆಂದರೆ ಎಳೆ ಹರಿದಿದೆ, ಇಲ್ಲವೇ ಯಾರದೋ ಕೈ ಸಿಕ್ಕಿಕೊಂಡಿದೆ.

ಈಗ ಆಕೆ ಹಿಂದೂಪುರದ ಶಾಲೆಯೊಂದರಲ್ಲಿ ಆಯಾ. ಅಲ್ಲಿ ಹಳೆಯ ಕೋಣೆಯೊಂದನ್ನು ಬಾಹ್ಯಾಕಾಶ ನೌಕೆಯಂತೆ ಸಜ್ಜುಮಾಡಿ, ಊರೂರಿನ ಮಕ್ಕಳನ್ನು ಒಂದು ಗಂಟೆ ಚಂದ್ರನತ್ತ ಕಳಿಸುತ್ತಾರೆ. ಬಾಗಿಲು ಕಾಯುವ ಚೌಡಮ್ಮನಿಗೆ ರಘುನಾಥ ಮೇಷ್ಟ್ರು ಹೇಳಿದ್ದು ಒಂದೇ ಮಾತು: "ಒಳಗೆ ಏನೇ ಆಟ ನಡೀಲಿ, ಬಾಗ್ಲು ಮಾತ್ರ ತೆಗೀಬ್ಯಾಡ ಕಣಮ್ಮ."

ಅವತ್ತು ಕಲ್ಯಾಣದುರ್ಗದ ಹನ್ನೆರಡು ಮಕ್ಕಳು ನೌಕೆ ಏರಿದ್ದರು. ಒಳಗಿನ ಕೂಗಾಟ, ಜಗಳ, ಬಟನ್ನುಗಳ ಟಕಟಕ ಕೇಳುತ್ತ ಚೌಡಮ್ಮ ಹಾಯಾಗಿ ತೂಕಡಿಸಿದಳು. ಇದ್ದಕ್ಕಿದ್ದಂತೆ ಎಲ್ಲ ನಿಶ್ಶಬ್ದ. ದಡಬಡಿಸಿ ಎದ್ದವಳೇ ಚಿಲಕ ತೆಗೆದು ಒಳಗೆ ನುಗ್ಗಿದಳು.

ಮಕ್ಕಳೆಲ್ಲ ತುಟಿಗೆ ಬೆರಳಿಟ್ಟುಕೊಂಡು ಸಾಲಾಗಿ ಮಲಗಿದ್ದರು.

"ನೌಕೇಲಿ ಗಾಳಿ ಕಮ್ಮಿ ಆಗೈತೆ ಅಂತ ಮಾತು ನಿಲ್ಸಿದ್ವಿ ಕಣಜ್ಜಿ! ನೀನು ಬಾಗ್ಲು ತೆಗ್ದು ಇದ್ದ ಗಾಳೀನೂ ಬಿಟ್ಬುಟ್ಟೆ. ಈಗ ನಾವೆಲ್ಲ ಸತ್ತೋದ್ವಿ," ಎಂದು ಒಬ್ಬಳು ಸಿಡುಕಿದಳು.

ಚೌಡಮ್ಮ ಸತ್ತವರನ್ನೆಲ್ಲ ಬೆರಳು ಮಾಡಿ ಎಣಿಸಿದಳು. ಹನ್ನೆರಡೂ ಮಂದಿ ಕಿಸಿಕಿಸಿ ನಗುತ್ತಿದ್ದರು.

"ಅಮ್ಮೋ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬೈದಳು, "ಸಾಯೋದಾದ್ರೆ ಸದ್ದು ಮಾಡ್ಕೊಂಡು ಸಾಯ್ರಪ್ಪ!"