ಖಾಸೀಂಬಿ ಕೋಳಿ ಬಿಟ್ಟಳು

ಸರಸಂಬಾ ಊರಿನ ನಮ್ಮ ಓಣಿಯಲ್ಲಿ ಖಾಸೀಂಬಿಗೆ ಹಠಮಾರಿ ಎಂದೇ ಹೆಸರು. ಗಂಡ ಸತ್ತ ಹೆಂಗಸು ಹಠವಿಲ್ಲದೆ ಹನ್ನೆರಡು ಕೋಳಿಗಳ ತತ್ತಿ ಮಾರಿ ಮನೆ ನಡೆಸಲಾದೀತೇ? ಹಾಗೆ ಹೆಸರಿಟ್ಟವರು ಯಾರೂ ಅವಳಿಗೆ ಒಂದು ಹಿಡಿ ಜೋಳ ಕೊಟ್ಟವರಲ್ಲ.

೧೯೪೭ರ ಚಳಿಗಾಲ. ದೌರಾಕ್ಕೆ, ಅಂದರೆ ಊರೂರು ತಪಾಸಣೆಗೆ, ಬಂದ ಸರ್ಕಾರಿ ಸಾಹೇಬರು ಚಾವಡಿಯಲ್ಲಿ ಬಿಡಾರ ಹೂಡಿದರು. ಅವರು ಬಂದಾಗಲೆಲ್ಲ ಅವರ ಜವಾನ ಓಣಿ ಓಣಿ ತಿರುಗಿ, ಕಂಡ ಕೋಳಿಯನ್ನು ಪುಕ್ಕಟೆ ಹಿಡಿದೊಯ್ಯುತ್ತಿದ್ದ. ಎಲ್ಲರೂ ಕೋಳಿ ಬಚ್ಚಿಟ್ಟೆವು. ಖಾಸೀಂಬಿಯೂ ಹನ್ನೆರಡನ್ನೂ ಹಿತ್ತಲಿನ ಪುಟ್ಟ ಗೂಡಿಗೆ ತುಂಬಿ ಬಾಗಿಲು ಹಾಕಿದಳು.

ಮೂರನೆಯ ದಿನ ಗೂಡಿನಲ್ಲಿ ರಕ್ತ. ಕೆಂಪು ಹೇಂಟೆ ಬೂದು ಹೇಂಟೆಯ ಬೆನ್ನು ಕುಕ್ಕಿ ಗರಿ ಕಿತ್ತಿತ್ತು. ರಕ್ತ ಕಂಡ ಉಳಿದವೂ ಮೇಲೆ ಬಿದ್ದಿದ್ದವು. ಗದ್ದಲದಲ್ಲಿ ಇನ್ನೊಂದು ಸತ್ತೇ ಹೋಗಿತ್ತು.

ಎದುರುಮನೆಯ ಗೌರಾಬಾಯಿ ಇಣುಕಿದಳು. "ಆ ಕೆಂಪೀದು ಕೊಕ್ಕ ಕೊಯ್ದಬಿಡ್ರಿ, ಆಪಾ."

"ಅದರದೇನು ತಪ್ಪದ ಬೇ? ಕಾಳಿನ ಮುಂದ ಒಂದೇಟು ಕುಕ್ಕೋದು ಕೋಳಿ ರಿವಾಜು. ಕುಕ್ಕಿಸಿಕೊಂಡಿದ್ದು ಸರದು ಹೋಗಾಕ ಜಾಗಾನೇ ಇಲ್ಲ. ಹಿಂಗ ತುಂಬಿದಾಕಿ ನಾನು!"

ರಕ್ತದ ಕೆಂಪು ಕಾಣದಂತೆ ಖಾಸೀಂಬಿ ಗಾಯಕ್ಕೆ ಬೇವಿನೆಣ್ಣೆ, ಬೂದಿ ಬಳಿದಳು. ಬೂದು ಹೇಂಟೆಯನ್ನು ಅಂಗಳದಲ್ಲೇ ಬುಟ್ಟಿಯಡಿ ಇಟ್ಟಳು, ಉಳಿದವು ಅದನ್ನು ಮರೆಯದಿರಲೆಂದು ಅವಕ್ಕೆ ಕಾಣುವಂತೆ, ಆದರೆ ಕೊಕ್ಕು ತಾಗದಂತೆ. ಆಮೇಲೆ ಗೂಡಿನ ಬಾಗಿಲು ತೆರೆದುಬಿಟ್ಟಳು.

"ಜವಾನ ಬರ್ತಾನ್ರಿ!"

"ಬರಲಿ. ಒಳಗ ಇಟ್ರ ತಾವೇ ಕುಕ್ಕಾಡಿ ಸಾಯ್ತಾವ, ಹೊರಗ ಬಿಟ್ರ ಅವ ಒಯ್ತಾನ. ಅವನ ಜೋಡಿನಾದ್ರೂ ಜಗಳ ಮಾಡಬಹುದು."

ಮಧ್ಯಾಹ್ನ ಜವಾನ ಜಹೀರುದ್ದೀನ ಬಂದೇಬಿಟ್ಟ. "ಸಾಹೇಬರಿಗೆ ಎರಡು ಕೋಳಿ ಬೇಕಾಗ್ಯಾವ."

ಖಾಸೀಂಬಿ ಕಸಬರಿಗೆ ಹಿಡಿದು ಅಡ್ಡ ನಿಂತಳು. "ಪುಕ್ಕಟೆ ಒಂದು ತತ್ತೀನೂ ಕೊಡಲ್ಲ."

"ಸಾಹೇಬರು ಸಿಟ್ಟಾಗ್ತಾರ!"

"ಆಗಲಿ. ನಾಳಿಂದ ನಾ ಏನು ತಿನ್ನಲಿ ಅಂತ ಅವರಿಗೇ ಕೇಳಿ ಬಾ, ಹೋಗಲೇ."

ಅವನು ಕೆಂಪು ಹೇಂಟೆಗೆ ಕೈಹಾಕಲು ಬಗ್ಗಿದ. ಅಷ್ಟರಲ್ಲಿ ಗೌರಾಬಾಯಿಯ ಬಾಗಿಲು ತೆರೆಯಿತು. ಆರು ಕೋಳಿ ಹೊರಬಂದವು, ಹಿಂದೆ ಅವಳು. ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ ನಾಚಿಕೆಯಾಯಿತು. ನಾನೂ ನಮ್ಮವನ್ನು ಬಿಟ್ಟು ಬೀದಿಗಿಳಿದೆ. ನೋಡನೋಡುತ್ತ ಓಣಿ ತುಂಬ ಕೋಳಿ, ಪ್ರತಿ ಹಿಂಡಿನ ಹಿಂದೆ ಒಬ್ಬ ಹೆಂಗಸು. ಜಹೀರುದ್ದೀನ ಒಂದು ಗಳಿಗೆ ನಮ್ಮ ಮುಖ ನೋಡಿದ, ಬರಿಗೈಯಲ್ಲಿ ಹೊರಟುಹೋದ.

ಅಂದು ಸಾಹೇಬರು ರೊಟ್ಟಿಗೆ ಬರೀ ಪುಂಡಿಸೊಪ್ಪಿನ ಪಲ್ಯ ಹಚ್ಚಿಕೊಂಡು ಉಂಡರಂತೆ. ನಾವು ನಕ್ಕು ನಕ್ಕು ಸುಸ್ತಾದೆವು. ಖಾಸೀಂಬಿ ಮಾತ್ರ ನಗಲಿಲ್ಲ.

"ನಾಳೆ ಮತ್ತ ಬರ್ತಾನ," ಎಂದಳು. "ಯಾರೂ ಬಾಗಿಲಾ ಹಾಕಬ್ಯಾಡ್ರಿ."