ಜಂಬುಲಿಂಗಪ್ಪನವರ ಜಾಲಿಮುಳ್ಳು

ಚಳ್ಳಕೆರೆಯ ಕಚೇರಿಯಲ್ಲಿ ನಾನು ನಕಲು ಗುಮಾಸ್ತೆಯಾಗಿ ಸೇರಿದ ಹೊಸತು. ಅಮಲ್ದಾರರು ಕೋಟು ಪೇಟ ಹಾಕಿಕೊಂಡು ರೋಗದ ಎತ್ತೊಂದನ್ನು ನೋಡಿ ಬಂದರು ಎಂದು ಇಂಗ್ಲಿಷಿನಲ್ಲಿ, ಕೋಟು ಪೇಟದ ಮಾತನ್ನು ಎತ್ತಿನ ಪಕ್ಕಕ್ಕೆ ಇಟ್ಟು, ಬರೆದು ಮೇಲಿನ ಕಚೇರಿಗೆ ಕಳಿಸಿದೆ. ಎತ್ತಿನ ಕೋಟು ಯಾವ ಬಟ್ಟೆಯದು ಎಂದು ಅಲ್ಲಿಂದ ಒಂದು ಸಾಲು ಬಂತು. ಅಮಲ್ದಾರರ ಕೋಟನ್ನೇ ಕೇಳುತ್ತಿದ್ದಾರೆ, ಪಾಪ, ಕೈತಪ್ಪಿ ಎತ್ತು ಎಂದು ಬರೆದಿದ್ದಾರೆ ಎಂದು ಅವರನ್ನು ಮನಸ್ಸಿನಲ್ಲೇ ಕ್ಷಮಿಸಿದೆ. ನೆಟ್ಟಗೆ ದರ್ಜಿಯ ಹತ್ತಿರ ಹೋಗಿ ವಿಚಾರಿಸಿ, ಕರಿ ಆಲ್ಪಾಕಾ, ಒಳಗೆ ಅಸ್ತರಿ ಉಂಟು ಎಂದು ಉತ್ತರ ಕೊಟ್ಟೆ.

ಎರಡು ಕಚೇರಿಗಳೂ ವಾರಗಟ್ಟಲೆ ನಕ್ಕವು. ಹೆಡ್ ಗುಮಾಸ್ತೆ ಸೋಮಶೇಖರಪ್ಪನವರು ಮಾತ್ರ ನಗಲಿಲ್ಲ. ನನ್ನನ್ನು ಮೊಳಕಾಲ್ಮೂರಿಗೆ ಹಾಕಿಸಿ, ಅಲ್ಲಿ ಕಚೇರಿಯ ಎದುರು ಜಗುಲಿಯಲ್ಲಿ ಕೂತು ಅರ್ಜಿ ಬರೆಯುವ ಜಂಬುಲಿಂಗಪ್ಪನವರ ಹತ್ತಿರ ಇಂಗ್ಲಿಷು ಕಲಿ ಎಂದರು.

ಜಂಬುಲಿಂಗಪ್ಪನವರು ಸೀರೆ ವ್ಯಾಪಾರದ ಮನೆಯವರು. ಬಳ್ಳಾರಿಯಲ್ಲಿ ಓದಿ ಬಂದ ಮೇಲೆ ರೇಷ್ಮೆ ಮುಟ್ಟಲಿಲ್ಲ. ಅವರ ಸಾಮಾನು ಒಂದು ಕತ್ತರಿ, ಒಂದು ತಟ್ಟೆ ಜಾಲಿಮುಳ್ಳು. ನಾವೆಲ್ಲ ಕಾಗದ ಜೋಡಿಸುವುದಕ್ಕೆ ಚುಚ್ಚುವ ಆ ಮುಳ್ಳನ್ನು ಅವರು ವಾಕ್ಯಕ್ಕೆ ಚುಚ್ಚುತ್ತಿದ್ದರು. ಬರೆದ ಸಾಲನ್ನು ಕತ್ತರಿಸಿ, ಒಂದು ತುಂಡನ್ನು ಮುಳ್ಳಿನ ತುದಿಗೆ ಸಿಕ್ಕಿಸಿ ಎತ್ತಿ ಹಿಡಿದು, "ಇದು ಯಾರ್ದು?" ಎನ್ನುವರು. ಯಾರದೆಂದು ಹೇಳಿದರೆ ಅವನ ಪಕ್ಕಕ್ಕೇ ಚುಚ್ಚುವರು. ಅವನು ವಾಕ್ಯದಲ್ಲೇ ಇಲ್ಲದಿದ್ದರೆ ಹೊಸ ಚೀಟಿಯಲ್ಲಿ ಅವನ ಹೆಸರು ಬರೆದು ಒಳಗೆ ತರುವರು.

ಮೊದಲ ದಿನವೇ ನನ್ನ ಎತ್ತಿನ ಮೈಯಿಂದ ಕೋಟು ಬಿಚ್ಚಿಸಿ ಹೇಳಿದರು: "ಕನ್ನಡದಾಗೆ ಮಾತಿನ ಕೊರಳಿಗೆ ಹಗ್ಗ ಐತೆ. ಎಲ್ಲಿ ನಿಂತ್ರೂ ಬಹಳ ಸಲ ತನ್ನ ಗೂಟಕ್ಕೇ ಬರ್ತೈತೆ. ಇಂಗ್ಲಿಷ್ ಕರು ಹಂಗಲ್ಲ ಲೇ, ಹತ್ರ ಯಾವ ಹಸು ನಿಂತಿರ್ತೈತೋ ಅದಕ್ಕೇ ಬಾಯಿ ಹಾಕ್ತೈತೆ. ತಾಯಿನ್ನ ಎಳ್ಕಂಡ್ ಬಂದು ನಿಲ್ಲಿಸಬೇಕು."

ಅವರ ಮನೆಯ ಒಂದು ಸಂಗತಿಯನ್ನು ಊರೇ ಹೇಳುತ್ತಿತ್ತು. ಪ್ಲೇಗಿನ ವರ್ಷ ಬಳ್ಳಾರಿಯ ಅಳಿಯ ಇಂಗ್ಲಿಷಿನಲ್ಲಿ ಕಾಗದ ಬರೆದಿದ್ದ: ಮೂರು ದಿನ ಜ್ವರದಲ್ಲಿ ನರಳಿ, ನಾನು ನಿಮ್ಮ ಮಗಳನ್ನು ಮಣ್ಣು ಮಾಡಿದೆ. ಹೆಂಡತಿ ಬಸವಲಿಂಗಮ್ಮ ಕಂಬ ಹಿಡಿದು ನಿಂತಿದ್ದಾಗ ಇವರು ಕತ್ತರಿ ತಂದರು. ನರಳಿದ್ದನ್ನು ಅಳಿಯನಿಂದ ಬಿಡಿಸಿ ಮಗಳಿಗೆ ಚುಚ್ಚಿ, ಅದೇ ಟಪಾಲಿಗೆ ಬಳ್ಳಾರಿಗೆ ವಾಪಸು ಕಳಿಸಿದರು. ಆಮೇಲೆ ಆ ತಾಯಿ ಯಾವ ಕಾಗದವನ್ನೂ ಗಂಡನ ಕೈಗೆ ಕೊಡಲಿಲ್ಲವಂತೆ. ನಾನು ಇದನ್ನು ಕೇಳಿ ಮೆಚ್ಚಿಕೊಂಡೆ. ವಿದ್ಯೆ ಎಂದರೆ ಹೀಗಿರಬೇಕು ಎಂದುಕೊಳ್ಳುವ ವಯಸ್ಸು ನನ್ನದು.

ಬೇಸಿಗೆಯಲ್ಲಿ ವರವು ಕಾವಲೆಂಬ ಹುಲ್ಲುಗಾವಲಿನಿಂದ ಚಿನ್ನಯ್ಯ ಬಂದ. ಸರ್ಕಾರಿ ದನ ಕಾಯುವವನು. ಅವನ ಅಜ್ಜನೂ ಅಲ್ಲೇ ಕಾದವನು. ಜೊತೆಯಲ್ಲಿ ಹೆಂಡತಿ ಯರ್ರಮ್ಮ. ಮಧ್ಯಾಹ್ನ ಜ್ವರ ಏರಿ ಇವನು ಮಲಗಿಬಿಟ್ಟಿದ್ದ. ದನ ಗಡಿ ದಾಟಿ ಎರಡು ಕರು ತೋಳದ ಪಾಲಾಗಿದ್ದವು. ಹೇಗಾಯಿತು ಎಂದು ಬರೆದು ಕೊಡಬೇಕೆಂದು ಹುಕುಂ ಆಗಿತ್ತು. ಕಾವಲಿನಲ್ಲಿ ಮಲಗಿದವನಿಗೆ ಕೆಲಸವೂ ಇಲ್ಲ, ಗುಡಿಸಲೂ ಇಲ್ಲ. ಅದು ಎಲ್ಲರಿಗೂ ಗೊತ್ತಿದ್ದ ಕಾನೂನು.

ಅವನು ನನಗೆ ಎಲ್ಲವನ್ನೂ ಹೇಳಿದ. ನಾನು, ಜಾಣ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದೆ. ಬರೆದ ಮೇಲೆ ನೋಡಿದರೆ ಹಳೆಯ ಚಾಳಿ: ಜ್ವರ ಬಂದು ನಿದ್ದೆಹೋಗಿ, ದನಗಳು ಗಡಿ ದಾಟಿದವು. ನಿದ್ದೆ ಪೂರ್ತಿ ದನಗಳದ್ದೇ ಆಗಿತ್ತು. ಚಿನ್ನಯ್ಯ ಆ ಸಾಲಿನಲ್ಲಿ ಎಲ್ಲೂ ಇರಲಿಲ್ಲ. ನನ್ನ ದಡ್ಡತನ ಮೊದಲ ಸಲ ಒಬ್ಬನ ಉಪಯೋಗಕ್ಕೆ ಬಂದಿತ್ತು.

ಅಷ್ಟರಲ್ಲಿ ಜಂಬುಲಿಂಗಪ್ಪನವರು ಕೈ ಚಾಚಿ ಕಾಗದ ತೆಗೆದುಕೊಂಡು ಕತ್ತರಿಸಿಯೂ ಆಗಿತ್ತು. ಹಾಗೇ ಇರಲಿ ಬಿಡ್ರಿ, ನನ್ನ ಎತ್ತಿನ ಕೋಟಿಗೆ ನಕ್ಕ ಹಾಗೆ ಇದಕ್ಕೂ ಮೇಲಿನವರು ನಕ್ಕು ಬಿಟ್ಟುಬಿಡುತ್ತಾರೆ ಎಂದು ಬೇಡಿಕೊಂಡೆ. ನಿದ್ದೆಯ ಮಾತನ್ನೇ ತೆಗೆದುಬಿಡೋಣ ಎಂದೂ ಹೇಳಿದೆ. ಇಲ್ಲದ್ದನ್ನು ಸೇರಿಸುವುದಾಗಲಿ ಇದ್ದದ್ದನ್ನು ತೆಗೆಯುವುದಾಗಲಿ ತಮ್ಮ ಕಸುಬಲ್ಲ, ಜಾಗಕ್ಕೆ ಕೂರಿಸುವುದಷ್ಟೇ ಎಂದರು. ತುಂಡನ್ನು ಮುಳ್ಳಿಗೆ ಸಿಕ್ಕಿಸಿ ಚಿನ್ನಯ್ಯನ ಮುಖದ ಮುಂದೆ ಹಿಡಿದರು.

"ಮಲಗಿದ್ದು ಯಾರಪ್ಪಾ?"

"ನಾನೇ ಸ್ವಾಮಿ."

ಚೀಟಿಯಲ್ಲಿ ಅವನ ಹೆಸರು ಬರೆದು ಚುಚ್ಚಿದರು. ಶುದ್ಧ ಪ್ರತಿ ಮಾಡಿದ್ದು ನಾನು. ಅಕ್ಷರ ದುಂಡಗೆ ಬಂದಿದ್ದವು. ಚಿನ್ನಯ್ಯ ಅದಕ್ಕೆ ಹೆಬ್ಬೆಟ್ಟು ಒತ್ತಿ, ಕೈ ಮುಗಿದು ಹೋದ.

ಇಪ್ಪತ್ತು ದಿನಕ್ಕೆ ಹುಕುಂ ಬಂತು. ಗಂಡ ಹೆಂಡತಿಗೆ ನಾನೇ ಕನ್ನಡದಲ್ಲಿ ಓದಿ ಹೇಳಬೇಕಾಯಿತು. ನಾವು ಬರೆದ ಸಾಲನ್ನೇ ಎತ್ತಿಕೊಂಡು, ತಾನು ಮಲಗಿದ್ದೆನೆಂದು ಇವನೇ ಒಪ್ಪಿರುವುದರಿಂದ ಕೆಲಸದಿಂದ ತೆಗೆದಿದೆ, ಎಂಟು ದಿನದಲ್ಲಿ ಗುಡಿಸಲು ಬಿಡಬೇಕು ಎಂದಿತ್ತು. ಪಕ್ಕದಲ್ಲಿ ಮೇಲಿನ ಕಚೇರಿಯ ಸಾಹೇಬರು ಸ್ವಂತ ಕೈಯಲ್ಲಿ, ಈ ಕಡೆಯಿಂದ ಇಷ್ಟು ಶುದ್ಧವಾದ ಇಂಗ್ಲಿಷು ಬಂದದ್ದು ಇದೇ ಮೊದಲು ಎಂದು ಬರೆದಿದ್ದರು. ಆ ಸಾಲನ್ನು ನಾನು ಓದಲಿಲ್ಲ. ಜಂಬುಲಿಂಗಪ್ಪನವರು ಎರಡು ಸಲ ಓದಿಕೊಂಡರು.

ಚಿನ್ನಯ್ಯ ಜಗುಲಿಯ ಕೆಳಗೆ ಕುಕ್ಕರಿಸಿ ಕೂತ. ಯರ್ರಮ್ಮ ಮಾತ್ರ ಮೆಟ್ಟಿಲು ಹತ್ತಿ, ಸೆರಗು ಬಿಗಿದು, ಅವರ ಎದುರು ನಿಂತಳು.

"ಹಂಗೆ ಬರೆದ್ರೆ ಕೆಲಸ ಹೋಗ್ತೈತೆ ಅಂತ ನಿಮಗೆ ಗೊತ್ತಿತ್ತಾ ಸ್ವಾಮಿ?"

ಅವರು ತಟ್ಟೆಯ ಮುಳ್ಳುಗಳನ್ನು ಒಂದೇ ದಿಕ್ಕಿಗೆ ಜೋಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಗೊತ್ತಿತ್ತಮ್ಮ. ಮಲಗಿದ್ದು ನಿನ್ನ ಗಂಡ, ದನ ಅಲ್ಲ."