ಸೊನ್ನೆಗೆ ತಿರುಗಿಸಿದ ಮೇಲೆ ಬಂದ ದನಿ

ದೆವ್ವ, ಗಾಳಿ, ಮುನ್ಸೂಚನೆ ಅಂತ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನನ್ನ ಕಸುಬೇ ಅಂಥದ್ದು. ಸದ್ದು ಬಂತೆಂದರೆ ಅದಕ್ಕೊಂದು ಕಾರಣ ಇರಲೇಬೇಕು: ಬಿಟ್ಟುಹೋದ ಬೆಸುಗೆ, ಸೋರುವ ಕಂಡೆನ್ಸರ್, ಮುದಿಯಾದ ವಾಲ್ವ್. ಹುಡುಕಿದರೆ ಸಿಗುತ್ತದೆ, ಸಿಗದಿದ್ದರೆ ಸರಿಯಾಗಿ ಹುಡುಕಿಲ್ಲ ಅಂತಲೇ ಅರ್ಥ. ಹೀಗೆ ನಂಬಿದ್ದ ನನಗೆ ಒಂದು ಸಂಗತಿಯ ಕಾರಣ ಮಾತ್ರ ಇವತ್ತಿನವರೆಗೂ ಸಿಕ್ಕಿಲ್ಲ. ಅದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆಗ ಎಪ್ಪತ್ತರ ದಶಕದ ಆರಂಭ. ಧರ್ಮಪುರಿಯಲ್ಲಿ ನನ್ನದೊಂದು ಚಿಕ್ಕ ರೇಡಿಯೋ ರಿಪೇರಿ ಅಂಗಡಿ. ನಮ್ಮವರು ಮಾರಂಡಹಳ್ಳಿ ಕಡೆ ಕುರಿ ಸಾಕಿ ರಾಗಿ ಬೆಳೆಯುವ ಜನ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು. ಕೆಲಸ ಕಲಿತದ್ದು ಸೇಲಂನಲ್ಲಿ, ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ. ಎಲ್ಲರೂ ಅವರನ್ನು ವಾತ್ಯಾರ್ ಅನ್ನುತ್ತಿದ್ದರು, ಅಂದರೆ ಮೇಷ್ಟ್ರು. ಮಾತು ಕಡಿಮೆ. ಕರೆಂಟು ಇರುವ ಸೆಟ್ಟಿನೊಳಗೆ ನಾನು ಕೈ ಹಾಕಿದರೆ ಮಾತ್ರ, ಒಮ್ಮೆ ಗಂಟಲು ಸರಿಮಾಡಿಕೊಂಡು, "ಕೈಯೆ ಎಡುಡಾ" ಅನ್ನುತ್ತಿದ್ದರು. ಕೈ ತೆಗೆಯೋ ಅಂತ.

ಜೋಸೆಪ್ಪು ಅಂತ ಒಬ್ಬ ಹುಡುಗ ಸೇಲಂನ ಒಂದು ವಾದ್ಯಗೋಷ್ಠಿಯಲ್ಲಿ ಗಿಟಾರ್ ಬಾರಿಸುತ್ತಿದ್ದ. ಅವನ ಜೊತೆ ನನ್ನ ಮಾತೆಲ್ಲ ತಮಿಳಿನಲ್ಲೇ. ಫಾರಿನ್ ಆಂಪ್ಲಿಫೈಯರ್ ಮುಟ್ಟುವ ಶಕ್ತಿ ಅವನಿಗಿರಲಿಲ್ಲ. ಯಾವುದೋ ಹಳೆಯ ಪತ್ರಿಕೆಯಿಂದ ಹರಿದ ಸರ್ಕ್ಯೂಟ್ ಚಿತ್ರ ತಂದು, "ಅಣ್ಣಾ, ಇದನ್ನ ನೀವೇ ಕಟ್ಟಿಕೊಡಬೇಕು" ಅಂದ. ಹಳೇ ರೇಡಿಯೋಗಳ ವಾಲ್ವ್, ಎಲ್ಲವನ್ನೂ ಕೂರಿಸಲು ಕೈಯಿಂದಲೇ ಬಗ್ಗಿಸಿದ ತಗಡಿನ ಚಾಸಿ, ಬಡಗಿ ಮಾಡಿಕೊಟ್ಟ ಪೆಟ್ಟಿಗೆ. ನಾದವೇನೋ ಜೇನಿನಂತೆ ಬಂತು. ಆದರೆ ಅದರ ಹಿಂದೆಯೇ ಗುಯ್ ಅಂತ ಒಂದು ಸದ್ದು.

ಆ ಸದ್ದಿನ ಬೆನ್ನು ಹತ್ತಿ ನಾನು ಅರ್ಧ ಆಳಾದೆ. ವಾಲ್ವ್ ಬದಲಿಸಿದೆ. ವೈರುಗಳನ್ನು ಜಡೆಯಂತೆ ಹೆಣೆದೆ. ಟ್ರಾನ್ಸ್‌ಫಾರ್ಮರ್ ಬಿಚ್ಚಿ ಅಡ್ಡ ತಿರುಗಿಸಿ ಕೂರಿಸಿದೆ. ಒಂದು ದಿನ ಕಮ್ಮಿಯಾದದ್ದು ಮರುದಿನ ಮತ್ತೆ ಜೋರು. ಮನೆಯಲ್ಲಿ ಊಟಕ್ಕೆ ಕೂತರೂ ಕಿವಿಯಲ್ಲಿ ಅದೇ. ಕೊನೆಗೆ ವಾತ್ಯಾರ್ ಹೇಳಿಕೊಟ್ಟಿದ್ದ ಹಳೇ ಉಪಾಯ ಮಾಡಿದೆ: ಕರೆಂಟಿನ ಒಂದು ತಂತಿಗೂ ಚಾಸಿಗೂ ನಡುವೆ, ಚೂರೇ ಚೂರು ಕರೆಂಟು ದಾಟಿಸುವ ಒಂದು ಕಂಡೆನ್ಸರ್. ಸದ್ದು ಅರ್ಧಕ್ಕರ್ಧ ಇಳಿಯಿತು. ಸಾಕಪ್ಪಾ ಅಂದುಕೊಂಡೆ.

ಆ ಪೆಟ್ಟಿಗೆ ಮೊದಲು ಹೊರಗೆ ಹೋದದ್ದು ಕಡಯಂಪಟ್ಟಿಯ ಒಂದು ಮದುವೆ ಮನೆಗೆ. ಜೋಸೆಪ್ಪು ನನ್ನನ್ನೂ ಕರೆದೊಯ್ದ. ಸಾಯಂಕಾಲ ಐದರ ಹೊತ್ತು, ಇನ್ನೂ ಬಿಸಿಲಿತ್ತು. ಹಲಗೆ ಹಾಸಿದ ಸ್ಟೇಜು. ಪ್ಲಗ್ ಕೂರದೆ, ಎರಡು ತಂತಿ ಸುಲಿದು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿದೆ. ಆನ್ ಮಾಡಿದರೆ ಗುಯ್ ಅನ್ನುವುದು ಅಂಗಡಿಯಲ್ಲಿದ್ದದ್ದರ ಎರಡರಷ್ಟು! ಗೋಷ್ಠಿಯವರೆಲ್ಲ ತಿರುಗಿ ನೋಡಿದರು. ಜೋಸೆಪ್ಪು ಮುಖ ಸಣ್ಣಗಾಯಿತು. ಆ ಗಾಬರಿಯಲ್ಲಿ ಎರಡು ತಂತಿಗಳನ್ನು ಅದಲು ಬದಲು ಮಾಡಿದೆ. ಸದ್ದು ತಟ್ಟನೆ ಇಳಿದು ಇಲ್ಲವೇ ಇಲ್ಲ ಅನ್ನುವ ಹಾಗಾಯಿತು. ಜೋಸೆಪ್ಪು ನಕ್ಕ. ನಾನು ವಾಲ್ಯೂಮನ್ನು ಪೂರ್ತಿ ಸೊನ್ನೆಗೆ ತಿರುಗಿಸಿ ಪೆಟ್ಟಿಗೆಯ ಹಿಂದೆ ಕೂತೆ. ಅವನು ಗಿಟಾರ್ ಕೊರಳಿಗೆ ಹಾಕಿಕೊಂಡು, ಎಡಗೈಯಲ್ಲಿ ಅದರ ತಂತಿಗಳನ್ನು ಹಿಡಿದು, ಹಾಡುವ ಮೈಕಿನ ಕಡೆ ಹೊರಟ.

ಆಗ ಪೆಟ್ಟಿಗೆಯೊಳಗಿಂದ ಯಾರೋ ಗಂಟಲು ಸರಿಮಾಡಿಕೊಂಡರು. ಅದರ ಬೆನ್ನಿಗೇ, ಪಕ್ಕದಲ್ಲೇ ಕೂತು ಹೇಳಿದ ಹಾಗೆ, "ಕೈಯೆ ಎಡುಡಾ."

ವಾತ್ಯಾರ್ ದನಿ. ಚಾಸಿಯ ಮೇಲಿದ್ದ ನನ್ನ ಕೈ ತಾನಾಗಿ ಹಿಂದೆ ಬಂತು. ತಲೆ ಎತ್ತಿ ನೋಡಿದರೆ ಜೋಸೆಪ್ಪು ಕೂಡ ನಿಂತುಬಿಟ್ಟಿದ್ದ. ಅವನ ಬಲಗೈಗೂ ಮೈಕಿಗೂ ಒಂದು ಗೇಣು ಅಂತರ. ನನ್ನನ್ನೇ ನೋಡುತ್ತಿದ್ದ.

"ಅಲ್ಲೇ ನಿಲ್ಲು" ಅಂದೆ. ಚೀಲದಲ್ಲಿದ್ದ ಟೆಸ್ಟ್ ಬಲ್ಬ್ ತೆಗೆದು, ಅದರ ಒಂದು ತುದಿಯನ್ನು ಗಿಟಾರಿನ ತಂತಿಗೆ, ಇನ್ನೊಂದನ್ನು ಮೈಕಿಗೆ ಮುಟ್ಟಿಸಿದೆ. ಮನೆಯ ದೀಪದಂತೆ ಉರಿಯಿತು. ಕಂಡೆನ್ಸರ್ ಕೆಟ್ಟು ಒಳಗೇ ಶಾರ್ಟ್ ಆಗಿಬಿಟ್ಟಿತ್ತು. ತಂತಿ ಅದಲು ಬದಲಾದ ಮೇಲೆ ಪೂರ್ತಿ ಕರೆಂಟು ಚಾಸಿಗೆ ಬಂದು, ಅಲ್ಲಿಂದ ಗಿಟಾರಿಗೆ ಹರಿದಿತ್ತು. ಹಲಗೆ, ರಬ್ಬರ್ ಚಪ್ಪಲಿ ಇದ್ದದ್ದರಿಂದ ನಮಗೆ ಹೊಡೆದಿರಲಿಲ್ಲ. ಮೈಕಿನವರು ಮಾತ್ರ ನೆಲಕ್ಕೆ ಕಬ್ಬಿಣದ ಸಲಾಕೆ ಹೊಡೆದು, ನೀರು ಸುರಿದು, ಒಳ್ಳೇ ಅರ್ತ್ ಕೊಟ್ಟಿದ್ದರು. ಆ ಗೇಣು ದಾಟಿದ್ದರೆ ಕರೆಂಟು ಅವನ ಎದೆಯ ಮೂಲಕ ಹಾಯುತ್ತಿತ್ತು. ಅದಕ್ಕೆ ದಾರಿ ಮಾಡಿಕೊಟ್ಟವನು ನಾನು.

ಕಂಡೆನ್ಸರ್ ಕತ್ತರಿಸಿ ಎಸೆದೆ. ಗೋಷ್ಠಿ ಗುಯ್ ಅನ್ನುವ ಸದ್ದಿನ ಜೊತೆಯಲ್ಲೇ ನಡೆಯಿತು. ಮದುವೆಗೆ ಬಂದವರು ಯಾರೂ ಅದನ್ನು ಗಮನಿಸಲೇ ಇಲ್ಲ.

ಮನೆಗೆ ಬಂದು ಊಟಕ್ಕೆ ಕೂತವನು ತಟ್ಟೆಗೆ ಕೈ ಹಾಕಲಿಲ್ಲ. "ಏನಾಗೈತೆ ನಿಮ್ಗೆ? ಮುದ್ದೆ ಯಾಕೆ ಹಂಗೇ ಐತೆ?" ಅಂತ ಹೆಂಡತಿ ಕೇಳಿದಳು.

"ಏನಿಲ್ಲ ಕಣೆ. ಸುಸ್ತಾಗೈತೆ ಅಷ್ಟೇಯ" ಅಂದೆ.

ಮರುದಿನ ಬೆಳಿಗ್ಗೆಯೇ ಸೇಲಂ ಬಸ್ ಹತ್ತಿದೆ. ದಾರಿಯುದ್ದಕ್ಕೂ ಒಂದೇ ದಿಗಿಲು: ವಾತ್ಯಾರ್ ಹೋಗಿಬಿಟ್ಟಿದ್ದರೆ? ಅವರು ಜಗಲಿಯ ಮೇಲೆ ಕೂತು ಕಾಪಿ ಕುಡಿಯುತ್ತಿದ್ದರು. ಹಿಂದಿನ ದಿನ ಐದು ಗಂಟೆಗೆ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. "ಕ್ಷೌರಕ್ಕೆ ಕೂತಿದ್ದೆ. ಮುಖದ ತುಂಬ ಸೋಪು. ಬಾಯಿ ಬಿಡೋಕೆ ಆಗುತ್ತಾ?" ಅಂದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ದನಿಯ ವಿಷಯವನ್ನು ಅವರು ಪಕ್ಕಕ್ಕೆ ಸರಿಸಿಬಿಟ್ಟರು. "ಆ ಕಂಡೆನ್ಸರ್ ವಿಷಯ ನಾನೇ ತಾನೇ ಹೇಳಿಕೊಟ್ಟದ್ದು" ಅಂದವರು, ಕಾಪಿ ಲೋಟ ಕೆಳಗಿಟ್ಟು ಒಳಗೆ ಎದ್ದುಹೋದರು.

ಆಂಪ್ಲಿಫೈಯರುಗಳು ಒಮ್ಮೊಮ್ಮೆ ರೇಡಿಯೋ ಸ್ಟೇಷನ್ನನ್ನು ಹಿಡಿಯುವುದುಂಟು. ಯಾವುದೋ ತಮಿಳು ನಾಟಕದ ತುಣುಕು ಕೇಳಿರಬೇಕು, ಗಾಬರಿಯಲ್ಲಿ ವಾತ್ಯಾರ್ ದನಿಯಂತೆ ಅನಿಸಿರಬೇಕು ಅಂತ ಮನಸ್ಸಿಗೆ ಹೇಳಿಕೊಂಡೆ. ವಾಲ್ಯೂಮ್ ಸೊನ್ನೆಯಲ್ಲಿತ್ತು ಅನ್ನುವುದನ್ನು ನೆನೆಯದಿದ್ದರೆ ಅದು ಸರಿಯಾಗಿಯೇ ಇತ್ತು.

ಕೆಲವು ತಿಂಗಳ ಮೇಲೆ ಜೋಸೆಪ್ಪು ಅಂಗಡಿಗೆ ಬಂದ. "ಅಣ್ಣಾ, ಮುಟ್ಬ್ಯಾಡ ಕಣ್ಲಾ ಅಂದರೆ ಏನು?" ಅಂತ ಕೇಳಿದ. ಅವನಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ.

"ಮುಟ್ಟಬೇಡ ಅಂತ. ಯಾರು ಅಂದರು ನಿನಗೆ?"

"ಯಾರು ಅಂದರೆ? ನೀವೇ ಅಲ್ಲವಾ, ಅವತ್ತು ಸ್ಟೇಜಿನ ಮೇಲೆ? ಪೆಟ್ಟಿಗೆ ಹಿಂದಿನಿಂದ ಎಷ್ಟು ಜೋರಾಗಿ ಕೂಗಿದಿರಿ! ಅದಕ್ಕೇ ತಾನೇ ನಾನು ನಿಂತದ್ದು."

ಅವನು ನಿಲ್ಲುವ ಮೊದಲು ನಾನು ಬಾಯಿ ಬಿಟ್ಟಿರಲೇ ಇಲ್ಲ. ಹಾಗೆಂದು ಹೇಳಬೇಕು ಅನ್ನುವಷ್ಟರಲ್ಲಿ ಅವನು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ.